ಕೇಳ್ಮೆಯಿಂದ ಬರವಣಿಗೆಗೆ: ಕರ್ನಾಟಕದಲ್ಲಿ ಪತ್ರಿಕೋದ್ಯಮ ಮತ್ತು ಕಥನ ಕೌಶಲದ ಕಲಿಕೆ

ಪೀಠಿಕೆ

1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮವು ಪದವಿ ತರಗತಿಯ ಅಧ್ಯಯನ ವಿಷಯವಾಯಿತು. ಡಾ. ನಾಡಿಗ ಕೃಷ್ಣಮೂರ್ತಿಯವರು ಅದರ ಹೊಣೆ ಹೊತ್ತರು. ಅಲ್ಲಿಯವರೆಗೆ ಅಚ್ಚುಕೂಟದ ಮಸಿಯ ನಡುವೆ, ಸಂಪಾದಕರ ಬೈಗುಳದ ನೆರಳಿನಲ್ಲಿ ಕಲಿಯಬೇಕಾಗಿದ್ದ ಒಂದು ಕಸುಬು ಅಂದು ತರಗತಿಯ ಕೋಣೆಯನ್ನು ಪ್ರವೇಶಿಸಿತು. ಕರ್ನಾಟಕದಲ್ಲಿ ಪತ್ರಿಕೋದ್ಯಮ ಶಿಕ್ಷಣದ ಇತಿಹಾಸವನ್ನು ಬರೆಯುವವರು ಸಹಜವಾಗಿಯೇ ಈ ವರ್ಷದಿಂದ ಆರಂಭಿಸುತ್ತಾರೆ. ಸಾಂಸ್ಥಿಕ ಇತಿಹಾಸದ ದೃಷ್ಟಿಯಿಂದ ಅದು ಸರಿಯೇ ಆಗಿದೆ.

ಆದರೆ ಪತ್ರಿಕೋದ್ಯಮದ ವಿದ್ಯಾರ್ಥಿ ಕಲಿಯುವುದೇನನ್ನು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡರೆ ಈ ಇತಿಹಾಸದ ಎಲ್ಲೆಗಳು ಹಿಂದಕ್ಕೆ ಸರಿಯುತ್ತವೆ. ನಡೆದುದನ್ನು ತಿಳಿದುಕೊಳ್ಳುವುದು, ತಿಳಿದುದನ್ನು ಪರೀಕ್ಷಿಸುವುದು, ಅದನ್ನು ಕೇಳುವವರ ಮನಸ್ಸಿಗೆ ನಾಟುವಂತೆ ಕ್ರಮಬದ್ಧವಾಗಿ ಹೇಳುವುದು, ಯಾರಿಂದ ತಿಳಿಯಿತು ಎಂಬುದನ್ನು ಮರೆಮಾಚದಿರುವುದು ಎಂಬ ನಾಲ್ಕು ಕೌಶಲಗಳು ಈ ವಿದ್ಯೆಯ ತಿರುಳು. ಇವುಗಳನ್ನು ಕಲಿಸುವ ವ್ಯವಸ್ಥೆಗಳು ಕನ್ನಡ ನಾಡಿನಲ್ಲಿ ಅಚ್ಚಿನ ಯಂತ್ರ ಬರುವುದಕ್ಕೂ ಮುಂಚೆ ಇದ್ದವು. ವೃತ್ತಿಗಾಯಕರ ದೀಕ್ಷೆ, ಲಾವಣಿಕಾರರ ಮೇಳ, ಹೆಳವರ ವಂಶಾವಳಿ ಪಾಠ, ಮನೆಯೊಳಗಿನ ಅಜ್ಜಿಯ ಕಥೆ ಇವೆಲ್ಲ ಒಂದೊಂದು ಬಗೆಯ ಶಾಲೆಗಳೇ. ಈ ಎರಡು ಧಾರೆಗಳು ಎಲ್ಲಿ ಸಂಧಿಸಿದವು, ಎಲ್ಲಿ ಬೇರ್ಪಟ್ಟವು, ಬೇರ್ಪಟ್ಟದ್ದರಿಂದ ವಿದ್ಯಾರ್ಥಿಗೆ ಆದ ಲಾಭನಷ್ಟಗಳೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಮೌಖಿಕ ಪರಂಪರೆಯ ಕಲಿಕಾಕ್ರಮ

ಮೌಖಿಕ ಕಥನವನ್ನು ಹುಟ್ಟುಪ್ರತಿಭೆಯ ಫಲವೆಂದು ಭಾವಿಸುವುದು ವಾಡಿಕೆ. ಕ್ಷೇತ್ರಕಾರ್ಯದ ಅನುಭವ ಇದನ್ನು ಸಮರ್ಥಿಸುವುದಿಲ್ಲ. ಮಂಟೇಸ್ವಾಮಿ ಪರಂಪರೆಯ ನೀಲಗಾರರನ್ನಾಗಲಿ, ಮಲೆಯ ಮಾದೇಶ್ವರನ ಒಕ್ಕಲಾದ ದೇವರಗುಡ್ಡರನ್ನಾಗಲಿ ಗಮನಿಸಿದರೆ ಅವರ ವಿದ್ಯೆಗೆ ದೀರ್ಘವಾದ ಶಿಷ್ಯವೃತ್ತಿಯ ಬೆಂಬಲವಿರುವುದು ಸ್ಪಷ್ಟವಾಗುತ್ತದೆ. ದೀಕ್ಷೆ ಪಡೆದ ಹುಡುಗ ಮೊದಲ ದಿನವೇ ಕಥೆ ಹೇಳುವುದಿಲ್ಲ. ಅವನು ಹಿಮ್ಮೇಳದಲ್ಲಿ ನಿಂತು ಸೊಲ್ಲು ಕೊಡುತ್ತಾನೆ. ಮುಖ್ಯ ಗಾಯಕ ಹಾಡಿದ ಸಾಲನ್ನು ಎತ್ತಿಕೊಳ್ಳುತ್ತಾನೆ, ತಾಳ ಹಿಡಿಯುತ್ತಾನೆ, ಗದ್ಯದಲ್ಲಿ ಕಥೆ ಸಾಗುವಾಗ ಸುಮ್ಮನಿರುತ್ತಾನೆ. ಹೀಗೆ ವರ್ಷಗಟ್ಟಲೆ ಕೇಳಿದ ಮೇಲೆ ಅವನಿಗೆ ಒಂದು ಚಿಕ್ಕ ಭಾಗವನ್ನು ಹೇಳುವ ಅವಕಾಶ ದೊರೆಯುತ್ತದೆ. ಚಿಕ್ಕಲ್ಲೂರು, ಕಪ್ಪಡಿ ಮೊದಲಾದ ಜಾತ್ರೆಗಳಲ್ಲಿ ಬೇರೆ ಬೇರೆ ಮೇಳಗಳು ಒಂದೆಡೆ ಸೇರುವುದರಿಂದ ಒಬ್ಬರ ಕಥನವನ್ನು ಇನ್ನೊಬ್ಬರು ಕೇಳಿ ತೂಗಿನೋಡುವ ಸಂದರ್ಭವೂ ಅಲ್ಲಿ ಒದಗುತ್ತದೆ.

ಈ ಕಾವ್ಯಗಳು ‘ಸಾಲು’ಗಳಾಗಿ ವಿಭಜನೆಗೊಂಡಿರುವುದು ಇಲ್ಲಿ ಗಮನಾರ್ಹ. ಮಾದೇಶ್ವರ ಕಾವ್ಯದಲ್ಲಿ ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಮುಂತಾದವು ಪ್ರಸಿದ್ಧವಾಗಿವೆ. ಇಡೀ ಕಾವ್ಯವನ್ನು ಒಂದೇ ರಾತ್ರಿಯಲ್ಲಿ ಹಾಡಿ ಮುಗಿಸಲಾಗದು. ಎಂತಹ ಮನೆಯಲ್ಲಿ ಹಾಡಬೇಕಾಗಿದೆ, ಕೇಳುವವರು ಯಾರು, ಎಷ್ಟು ಹೊತ್ತಿದೆ ಎಂಬುದನ್ನು ನೋಡಿ ಯಾವ ಸಾಲನ್ನು ಎತ್ತಿಕೊಳ್ಳಬೇಕು, ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಕುಗ್ಗಿಸಬೇಕು ಎಂದು ಗಾಯಕ ನಿರ್ಧರಿಸುತ್ತಾನೆ. ಇಂದಿನ ಪತ್ರಿಕಾ ಕಚೇರಿಯಲ್ಲಿ ಸಂಪಾದನೆ ಎಂದು ಕರೆಯುವ ಕೆಲಸವನ್ನೇ ಇದು ಹೋಲುತ್ತದೆ. ವಿದ್ಯಾರ್ಥಿಯು ಈ ವಿವೇಕವನ್ನು ನಿಯಮಗಳ ಪಟ್ಟಿಯಿಂದ ಕಲಿಯದೆ, ಗುರುವು ಒಂದೇ ಸಾಲನ್ನು ಹತ್ತು ಊರುಗಳಲ್ಲಿ ಹತ್ತು ಬಗೆಯಾಗಿ ಹಾಡುವುದನ್ನು ಕೇಳಿಯೇ ಕಲಿಯುತ್ತಾನೆ.

ಉತ್ತರ ಕರ್ನಾಟಕದ ಹೆಳವರ ವೃತ್ತಿಯಲ್ಲಿ ಇನ್ನೊಂದು ಕೌಶಲ ಮುನ್ನೆಲೆಗೆ ಬರುತ್ತದೆ. ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬರುವ ಹೆಳವರು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳಿ ಕಾಳು, ಬಟ್ಟೆ, ದನಕರುಗಳನ್ನು ದಾನವಾಗಿ ಪಡೆಯುತ್ತಾರೆ. ಮನೆತನದ ಮೂಲಸ್ಥಳ, ವಲಸೆ ಬಂದ ಹಾದಿ, ತಲೆಮಾರುಗಳ ಹೆಸರು ಎಲ್ಲವೂ ಅವರ ಬಾಯಲ್ಲಿರುತ್ತವೆ. ಹಿಂದಿನ ಭೇಟಿಯ ತರುವಾಯ ಆ ಮನೆಯಲ್ಲಿ ಹುಟ್ಟಿದವರು, ಸತ್ತವರು, ಮದುವೆಯಾಗಿ ಬಂದವರು ಯಾರೆಂಬುದನ್ನು ವಿಚಾರಿಸಿ ಆ ವಿವರವನ್ನು ವಂಶಾವಳಿಗೆ ಸೇರಿಸಿಕೊಳ್ಳುತ್ತಾರೆ. ಹೆಸರು ತಪ್ಪಿದರೆ ಮನೆಯ ಹಿರಿಯರು ಅಲ್ಲಿಯೇ ತಡೆಯುತ್ತಾರೆ. ಯಾರ ವಿಷಯವನ್ನು ಹೇಳಲಾಗುತ್ತಿದೆಯೋ ಅವರೇ ಎದುರಿಗೆ ಕುಳಿತು ಕೇಳುವ ಈ ಸನ್ನಿವೇಶವು ಕಥನಕಾರನಿಗೆ ನಿಖರತೆಯ ಪಾಠ ಕಲಿಸುತ್ತದೆ.

ಮನೆಯೊಳಗಿನ ಕಥನದಲ್ಲಿ ಇದೇ ನಿಯಂತ್ರಣ ಸೌಮ್ಯವಾದ ರೂಪದಲ್ಲಿದೆ. ಕಥೆ ಕೇಳುವ ಮಗು ‘ಹೂಂ’ ಅನ್ನುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಕೇಳುಗನ ಒಪ್ಪಿಗೆ ಇಲ್ಲದೆ ಹೇಳುಗ ಮುಂದುವರಿಯಲಾರ ಎಂಬ ತತ್ತ್ವ ಈ ಪುಟ್ಟ ಪದ್ಧತಿಯಲ್ಲಿ ಅಡಗಿದೆ. ಎಳೆಯ ವಯಸ್ಸಿನಲ್ಲಿಯೇ ಮಗು ಎಲ್ಲಿ ಕುತೂಹಲ ಏರುತ್ತದೆ, ಎಲ್ಲಿ ನಿದ್ದೆ ಬರುತ್ತದೆ ಎಂಬುದನ್ನು ತನ್ನ ಅನುಭವದಿಂದ ಅರಿಯುತ್ತದೆ. ಮುಂದೆ ತಾನೇ ಕಥೆ ಹೇಳುವಾಗ ಈ ಅರಿವು ನೆರವಿಗೆ ಬರುತ್ತದೆ.

ಲಾವಣಿ: ಸುದ್ದಿಯೂ ಕಥನವೂ

ಸುದ್ದಿ ಮತ್ತು ಕಥನ ಒಂದೇ ರೂಪದಲ್ಲಿ ಬೆರೆತಿದ್ದುದಕ್ಕೆ ಲಾವಣಿ ಅತ್ಯುತ್ತಮ ನಿದರ್ಶನ. ಶಾಸನತಜ್ಞ ಜೆ. ಎಫ್. ಫ್ಲೀಟ್ ಅವರು 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿ ಬೇಡರ ಬಂಡಾಯ, ಆದಾಯ ತೆರಿಗೆಯನ್ನು ಮೊದಲ ಬಾರಿಗೆ ಹೇರಿದ ಸಂದರ್ಭ, ಬೈಲಹೊಂಗಲ ಪರಿಸರದ ಸಂಗ್ಯಾನ ಕೊಲೆ ಇವು ಅವುಗಳ ವಸ್ತು. ಯುದ್ಧ, ತೆರಿಗೆ, ಅಪರಾಧ ಎಂಬ ಈ ವಿಷಯಗಳು ಇಂದಿನ ದಿನಪತ್ರಿಕೆಯ ಮುಖಪುಟಕ್ಕೂ ಪರಕೀಯವಲ್ಲ.

ಹಲಗಲಿಯ ಲಾವಣಿಯನ್ನು ರಚನೆಯ ದೃಷ್ಟಿಯಿಂದ ನೋಡಬಹುದು. 1857ರಲ್ಲಿ ಬ್ರಿಟಿಷ್ ಆಡಳಿತವು ಜನರ ಆಯುಧಗಳನ್ನು ಕಸಿದುಕೊಳ್ಳಲು ಹೊರಡಿಸಿದ ಆಜ್ಞೆಯೇ ಹಲಗಲಿಯ ಬೇಡರ ದಂಗೆಗೆ ಕಾರಣ. ಲಾವಣಿಕಾರನು ಈ ಕಾರಣವನ್ನು ಆರಂಭದಲ್ಲಿಯೇ ಮುಂದಿಡುತ್ತಾನೆ. ಅನಂತರ ಊರು, ವ್ಯಕ್ತಿಗಳ ಹೆಸರು, ಘಟನೆಯ ಅನುಕ್ರಮ, ಊರು ಹಾಳಾದ ಬಗೆ ಬರುತ್ತವೆ. ಏನು, ಎಲ್ಲಿ, ಯಾರು, ಏಕೆ ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲಲ್ಲಿಯೇ ದೊರೆಯುವುದರಿಂದ ಜಾತ್ರೆಯ ಗದ್ದಲದಲ್ಲಿ ನಡುವೆ ಬಂದು ಸೇರಿದ ಕೇಳುಗನಿಗೂ ಕಥೆಯ ಜಾಡು ಸಿಗುತ್ತದೆ. ಕೊನೆಯ ಮುದ್ರಿಕೆಯಲ್ಲಿ ಕುರ್ತಕೋಟಿಯ ಕಲ್ಮೇಶನ ಹೆಸರು ಬರುತ್ತದೆ. ಮುದ್ರಿಕೆಯು ಭಕ್ತಿಯ ಸಂಕೇತವಾಗಿರುವಂತೆಯೇ ಹೊಣೆಗಾರಿಕೆಯ ಗುರುತೂ ಆಗಿದೆ. ಈ ಪದ ಯಾವ ಊರಿನ ಕಡೆಯದು ಎಂಬುದು ಅದರಿಂದ ಕೇಳುಗರಿಗೆ ತಿಳಿಯುತ್ತದೆ. ವರದಿಗಾರನ ಹೆಸರನ್ನು ವರದಿಯ ತಲೆಯಲ್ಲಿ ಅಚ್ಚುಮಾಡುವ ಇಂದಿನ ಕ್ರಮಕ್ಕೆ ಇದು ದೂರದ ನಂಟಲ್ಲ.

ಹಾಗೆಂದು ಲಾವಣಿಕಾರನನ್ನು ವರದಿಗಾರನೆಂದು ಸಾರಾಸಗಟಾಗಿ ಕರೆಯುವುದು ಉಚಿತವಾಗದು. ಅವನಿಗೆ ಪಕ್ಷವಿದೆ, ವೀರನನ್ನು ಹಿಗ್ಗಿಸಿ ಹೇಳುವ ಸ್ವಾತಂತ್ರ್ಯವಿದೆ, ಎದುರಾಳಿಯ ಮಾತನ್ನು ಕೇಳಬೇಕೆಂಬ ಕಟ್ಟುಪಾಡಿಲ್ಲ. ಸಂಗ್ಯಾನ ಕಥೆಯು ಮುಂದೆ ಸಣ್ಣಾಟವಾಗಿ ಬೆಳೆದಾಗ ನಡೆದ ಕೊಲೆಗಿಂತ ಗೆಳೆತನದ ದ್ರೋಹವೇ ಅದರ ಕೇಂದ್ರವಾಯಿತು. ಹೆಳವ, ಗೊಂದಲಿಗ, ನೀಲಗಾರ ಮೊದಲಾದವರ ವಿದ್ಯೆಯು ಜಾತಿ ಮತ್ತು ದಾನದ ಕಟ್ಟಿಗೆ ಒಳಪಟ್ಟಿತ್ತು. ದಾನ ಕೊಡುವ ಮನೆಯ ಅವಗುಣವನ್ನು ಹೇಳುವುದು ಹೆಳವನಿಗೆ ಸುಲಭವಾಗಿರಲಿಲ್ಲ. ಬೀಸುವ ಪದ, ಸೋಬಾನೆ, ಅಜ್ಜಿಕಥೆಗಳ ಒಡತಿಯರಾಗಿದ್ದರೂ ಹೆಂಗಸರಿಗೆ ಊರ ನಡುವಿನ ಕಟ್ಟೆಯ ಮೇಲೆ ನಿಂತು ಸುದ್ದಿಯನ್ನು ಹೇಳುವ ಅಧಿಕಾರ ಹೆಚ್ಚಾಗಿ ದೊರೆತಿರಲಿಲ್ಲ. ಈ ಮಿತಿಗಳನ್ನು ಮರೆತು ಮೌಖಿಕ ಪರಂಪರೆಯನ್ನು ಕೊಂಡಾಡಿದರೆ ಅಧ್ಯಯನಕ್ಕೆ ನ್ಯಾಯ ಒದಗಿಸಿದಂತಾಗುವುದಿಲ್ಲ.

ಅಚ್ಚುಕೂಟವೆಂಬ ಪಾಠಶಾಲೆ

1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಅವರು ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಪಾಕ್ಷಿಕವೇ ಕನ್ನಡದ ಮೊದಲ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಪತ್ರಿಕೆಯಲ್ಲಿ ಊರಿನ ವರ್ತಮಾನ, ಸರಕಾರದ ಆಜ್ಞೆಗಳು, ಹೊರದೇಶದ ಸುದ್ದಿಗಳ ಜೊತೆಗೆ ಗಾದೆ, ಹಾಡು, ಕಥೆಗಳಿಗೂ ಎಡೆಯಿತ್ತು. ಮೋಗ್ಲಿಂಗರು ದಾಸರ ಪದಗಳನ್ನೂ ಗಾದೆಗಳನ್ನೂ ಸಂಗ್ರಹಿಸಿದವರು. ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಮಾಲೆಯ ಮೂಲಕ ಕನ್ನಡದ ಹಳೆಯ ಕೃತಿಗಳನ್ನು ಅಚ್ಚಿಗೆ ತಂದವರು. ಕನ್ನಡದ ಮೊದಲ ಸಂಪಾದಕರು ಜನರ ಬಾಯಿಮಾತನ್ನು ಸಂಗ್ರಹಿಸುವ ಆಸಕ್ತಿಯುಳ್ಳವರೂ ಆಗಿದ್ದರೆಂಬುದು ಎರಡು ಧಾರೆಗಳು ಆರಂಭದಲ್ಲಿ ಎಷ್ಟು ಹತ್ತಿರವಿದ್ದವು ಎಂಬುದನ್ನು ಸೂಚಿಸುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶಾಲೆ ಮತ್ತು ಪತ್ರಿಕೆ ಅನೇಕ ಕಡೆ ಒಬ್ಬರದೇ ಕೈಯಲ್ಲಿದ್ದವು. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು (1844-1933) ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರೂ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳ ಸಂಪಾದಕರೂ ಆಗಿದ್ದರು. 1908ರಲ್ಲಿ ಮೈಸೂರು ಸಂಸ್ಥಾನವು ಪತ್ರಿಕಾ ಶಾಸನವನ್ನು ತಂದಾಗ ಅದನ್ನು ಪ್ರತಿಭಟಿಸಿ ಅವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ಅವರ ಸುತ್ತ ಬೆಳೆದ ತರುಣರಿಗೆ ಇದಕ್ಕಿಂತ ಮಿಗಿಲಾದ ಪಾಠ ಬೇರೆ ಬೇಕಾಗಿರಲಿಲ್ಲ. ಬರೆಯುವ ಕೌಶಲದಷ್ಟೇ ಬರೆಯದೆ ನಿಲ್ಲಿಸುವ ಧೈರ್ಯವೂ ಈ ವೃತ್ತಿಯ ಅಂಗವೆಂಬುದನ್ನು ಅವರು ಕಣ್ಣಾರೆ ಕಂಡರು.

ಡಿ. ವಿ. ಗುಂಡಪ್ಪನವರು ಕಾಲೇಜಿನ ಮೆಟ್ಟಿಲು ಹತ್ತದೆಯೇ ಪತ್ರಿಕೆಗಳಲ್ಲಿ ದುಡಿದು, 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಸ್ಥಾಪಿಸಿದರು. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. ಅವರ ‘ವೃತ್ತಪತ್ರಿಕೆ’ ಎಂಬ ಗ್ರಂಥವು ಈ ಕಸುಬಿನ ಧರ್ಮವನ್ನು ಕನ್ನಡದಲ್ಲಿ ಶಾಸ್ತ್ರೀಯವಾಗಿ ವಿವೇಚಿಸಿತು. ತರಗತಿಯಲ್ಲಿ ಪತ್ರಿಕೋದ್ಯಮ ಕಲಿಯದವರೊಬ್ಬರು ಮುಂದಿನವರ ಕಲಿಕೆಗೆ ಪುಸ್ತಕ ಬರೆದುಕೊಟ್ಟದ್ದು ಆ ಕಾಲದ ಸ್ಥಿತಿಯನ್ನು ತಿಳಿಸುತ್ತದೆ. ಇದೇ ಕಾಲಘಟ್ಟದಲ್ಲಿ, 1910ರ ದಶಕದಲ್ಲಿ, ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಅವರು ಮನೆಯಲ್ಲಿಯೇ ಓದು ಬರಹ ಕಲಿತು ‘ಸತೀ ಹಿತೈಷಿಣೀ’ ಗ್ರಂಥಮಾಲೆಯನ್ನೂ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯನ್ನೂ ಹೊರತಂದರು. ಯಾವ ಶಾಲೆಯೂ ಯಾವ ಮೇಳವೂ ಪ್ರವೇಶ ನೀಡದಿದ್ದಾಗ ಹೆಣ್ಣೊಬ್ಬಳು ತನ್ನ ಪತ್ರಿಕೆಯನ್ನೇ ಶಾಲೆಯಾಗಿಸಿಕೊಂಡ ಉದಾಹರಣೆ ಇದು.

ಕಾಲೇಜಿನ ಸಂಘ ಮತ್ತು ವಿದ್ಯಾರ್ಥಿ ಪತ್ರಿಕೆ

ವಿದ್ಯಾರ್ಥಿ ಜೀವನದಲ್ಲಿ ಬರವಣಿಗೆಯ ತಾಲೀಮಿಗೆ ವೇದಿಕೆಯಾದದ್ದು ಕಾಲೇಜಿನ ಸಂಘಗಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಹೊರಟಿತು. ಇಂಗ್ಲಿಷಿನಲ್ಲಿ ಪಾಠ ಕೇಳುತ್ತಿದ್ದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ವಿಚಾರ ಮಂಡಿಸುವ ಅವಕಾಶವನ್ನು ಅದು ಕಲ್ಪಿಸಿತು. ಅಚ್ಚಿಗೆ ಹಣವಿಲ್ಲದ ಶಾಲೆಗಳಲ್ಲಿ ಕೈಬರಹದ ಪತ್ರಿಕೆ ಈ ಕೆಲಸವನ್ನು ಮಾಡಿತು. ಒಂದೇ ಪ್ರತಿಯಾಗಿ ಸಿದ್ಧವಾಗುತ್ತಿದ್ದ ಈ ಪತ್ರಿಕೆಯಲ್ಲಿ ಅಂದವಾದ ಅಕ್ಷರದವನೇ ಮುದ್ರಕ, ಚಿತ್ರ ಬರೆಯಬಲ್ಲವನೇ ಕಲಾವಿದ, ಕನ್ನಡ ಪಂಡಿತರೇ ಪರಿಶೀಲಕರು. ಓದುಗರು ಅದೇ ಶಾಲೆಯವರಾದುದರಿಂದ ಹೆಳವನ ಕಥನದಲ್ಲಿದ್ದ ಎದುರುಬದುರಿನ ನಿಯಂತ್ರಣ ಇಲ್ಲಿಯೂ ಉಳಿದಿತ್ತು. ಸಹಪಾಠಿಯ ಬಗ್ಗೆ ತಪ್ಪು ಬರೆದವನು ಮರುದಿನ ಅವನ ಮುಖ ನೋಡಲೇಬೇಕಾಗಿತ್ತು.

ಜನಪದ ಸಂಗ್ರಹಕಾರ್ಯವೂ ಈ ಅವಧಿಯ ತರುಣರಿಗೆ ಕೇಳ್ಮೆಯ ಶಿಕ್ಷಣ ನೀಡಿತು. ವಿಜಾಪುರ ಸೀಮೆಯ ಹಲಸಂಗಿ ಗೆಳೆಯರು ಊರ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವಾಗಿ ಬಂದವು. ಹಾಡುವವಳ ನುಡಿಯನ್ನು ತಿದ್ದದೆ ಬರೆದುಕೊಳ್ಳುವುದು, ತಿಳಿಯದ ಪದವನ್ನು ಅವಳನ್ನೇ ಕೇಳುವುದು, ಅವಳ ಮೌನವನ್ನು ಗೌರವಿಸುವುದು ಸಂಗ್ರಾಹಕನಿಗೆ ಬೇಕಾದ ಗುಣಗಳು. ಒಳ್ಳೆಯ ವರದಿಗಾರನಿಗೂ ಇವೇ ಬೇಕು.

ತರಗತಿಯ ಕೋಣೆಯೊಳಗೆ

ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ವಾಲ್ಟರ್ ವಿಲಿಯಮ್ಸ್ ಅವರು ಪತ್ರಿಕೋದ್ಯಮ ಶಾಲೆಯನ್ನು ತೆರೆದರು. ಅಲ್ಲಿ ವಿದ್ಯಾರ್ಥಿಗಳು ಊರಿಗಾಗಿ ನಿಜವಾದ ಪತ್ರಿಕೆಯೊಂದನ್ನು ಹೊರಡಿಸುತ್ತ ಕಲಿಯಬೇಕಾಗಿತ್ತು. ಮಾಡಿ ಕಲಿ ಎಂಬ ಈ ಕ್ರಮವು ಹಳೆಯ ಶಿಷ್ಯವೃತ್ತಿಯನ್ನೇ ವಿಶ್ವವಿದ್ಯಾನಿಲಯದೊಳಗೆ ತಂದಿತ್ತು. ಭಾರತದಲ್ಲಿ 1941ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ, 1947ರಲ್ಲಿ ಮದರಾಸಿನಲ್ಲಿ ಶಿಕ್ಷಣ ಆರಂಭವಾದ ಮೇಲೆ ಮೈಸೂರಿನ ಸರದಿ ಬಂದಿತು. ನಾಡಿಗ ಕೃಷ್ಣಮೂರ್ತಿಯವರು 1966ರಲ್ಲಿ ಪ್ರಕಟಿಸಿದ ‘ಇಂಡಿಯನ್ ಜರ್ನಲಿಸಂ’ ಗ್ರಂಥವು ದೇಶದ ಪತ್ರಿಕಾ ಇತಿಹಾಸವನ್ನು ಒಂದೆಡೆ ತಂದು ವಿದ್ಯಾರ್ಥಿಗಳಿಗೆ ಆಕರವಾಯಿತು.

ತರಗತಿಯ ಶಿಕ್ಷಣದಿಂದ ಆದ ಲಾಭ ಸಣ್ಣದಲ್ಲ. ಕಸುಬು ಜಾತಿಯಿಂದಲೂ ಮನೆತನದಿಂದಲೂ ಬಿಡುಗಡೆ ಹೊಂದಿತು. ಹೆಣ್ಣುಮಕ್ಕಳು, ಅಚ್ಚುಕೂಟದ ಹೊಸ್ತಿಲನ್ನೂ ಕಾಣದ ಹಳ್ಳಿಯ ಮಕ್ಕಳು ಅರ್ಜಿ ಹಾಕಿ ಕಲಿಯಬಹುದಾಯಿತು. ಮಾನನಷ್ಟದ ಕಾನೂನು, ಎರಡು ಕಡೆಯ ಮಾತನ್ನೂ ಕೇಳುವ ನಿಯಮ, ದಾಖಲೆಯಿಂದ ಪರಿಶೀಲಿಸುವ ಅಭ್ಯಾಸ ಇವು ಮೌಖಿಕ ಪರಂಪರೆಯಲ್ಲಿ ಇರದಿದ್ದ ಶಿಸ್ತುಗಳು.

ಆದರೆ ಭಾಷೆಯ ವಿಷಯದಲ್ಲಿ ಒಂದು ತೊಡಕು ಉಂಟಾಯಿತು. ಮುಖ್ಯಾಂಶವನ್ನು ಮೊದಲು ಹೇಳಿ, ಉಳಿದುದನ್ನು ಮಹತ್ತ್ವ ಇಳಿಯುವ ಕ್ರಮದಲ್ಲಿ ಜೋಡಿಸುವ ‘ತಲೆಕೆಳಗಾದ ಪಿರಮಿಡ್ಡು’ ಇಂಗ್ಲಿಷ್ ವಾಕ್ಯದ ಸ್ವಭಾವಕ್ಕೆ ಹೊಂದುತ್ತದೆ. ಅಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಯಲ್ಲಿರುತ್ತದೆ. ಸುದ್ದಿಸಂಸ್ಥೆಗಳ ಇಂಗ್ಲಿಷ್ ತಂತಿ ಸುದ್ದಿಯನ್ನು ತರಾತುರಿಯಲ್ಲಿ ಅನುವಾದಿಸುವಾಗ ಯಾರು, ಎಲ್ಲಿ, ಎಂದು, ಹೇಗೆ ಎಂಬುದೆಲ್ಲವನ್ನೂ ಒಂದೇ ವಾಕ್ಯದಲ್ಲಿ ತುರುಕಿದರೆ ಓದುಗನು ನಡೆದದ್ದೇನೆಂದು ತಿಳಿಯಲು ವಾಕ್ಯದ ಕೊನೆಯವರೆಗೂ ಉಸಿರು ಬಿಗಿಹಿಡಿಯಬೇಕಾಗುತ್ತದೆ. 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯೂ ಸೇರಿದಂತೆ ಕನ್ನಡ ದಿನಪತ್ರಿಕೆಗಳ ಉಪಸಂಪಾದಕರು ವಾಕ್ಯವನ್ನು ಒಡೆದು, ಕನ್ನಡದ ಉಸಿರಿಗೆ ತಕ್ಕಂತೆ ಜೋಡಿಸುವ ಬಗೆಯನ್ನು ದಿನದಿನದ ಕೆಲಸದಲ್ಲಿಯೇ ಕಂಡುಕೊಳ್ಳಬೇಕಾಯಿತು. ಜಾತ್ರೆಯ ಲಾವಣಿಕಾರನು ಚಿಕ್ಕ ಚಿಕ್ಕ ನುಡಿಗಳಲ್ಲಿ ಕಾರಣವನ್ನು ಮೊದಲು ಹೇಳಿ ಘಟನೆಗೆ ಹೋಗುತ್ತಿದ್ದ ಕ್ರಮವು ಈ ಸಮಸ್ಯೆಗೆ ಹಿಂದೆಯೇ ಸಿಕ್ಕಿದ್ದ ಪರಿಹಾರವಾಗಿತ್ತು. ಲಾವಣಿ ಪತ್ರಿಕೋದ್ಯಮದ ಪಾಠದಲ್ಲಿ ಬರದೆ ಸಾಹಿತ್ಯ ಚರಿತ್ರೆಯ ಪಾಠದಲ್ಲಿ ಮಾತ್ರ ಉಳಿದುದರಿಂದ ಆ ಪರಿಹಾರ ವಿದ್ಯಾರ್ಥಿಯ ಕೈಗೆ ಸಿಗಲಿಲ್ಲ.

‘ಅಂತೆ’ ಮತ್ತು ‘ಎನ್ನಲಾಗಿದೆ’

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ವಿಷಯ ಆಧಾರಸೂಚನೆಗೆ ಸಂಬಂಧಿಸಿದೆ. ಕನ್ನಡದ ಜನಪದ ಕಥನಗಾರ್ತಿಯು ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ ಎಂದು ಕಥೆ ಆರಂಭಿಸುತ್ತಾಳೆ. ಈ ‘ಅಂತೆ’ಯು ತಾನು ಕಂಡದ್ದಲ್ಲ, ಕೇಳಿದ್ದು ಎಂಬ ಪ್ರಾಮಾಣಿಕ ಒಪ್ಪಿಗೆ. ತಾನೇ ಕಂಡದ್ದನ್ನು ಹೇಳುವಾಗ ಅವಳು ‘ಅಂತೆ’ಯನ್ನು ಬಿಡುತ್ತಾಳೆ. ಮಗು ಮಾತು ಕಲಿಯುವಾಗಲೇ ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ಅಂತರವನ್ನು ಕನ್ನಡದ ಈ ಚಿಕ್ಕ ಪ್ರತ್ಯಯದ ಮೂಲಕ ಕಲಿತಿರುತ್ತದೆ. ಅದರ ದುರುಪಯೋಗದ ಅರಿವೂ ಭಾಷೆಗೆ ಇದೆ. ಆಧಾರವಿಲ್ಲದ ಮಾತುಗಳನ್ನು ‘ಅಂತೆಕಂತೆ’ ಎಂದು ಜನ ತಳ್ಳಿಹಾಕುತ್ತಾರೆ. ಯಾರು ಹೇಳಿದರು ಎಂದು ಕೇಳಿದಾಗ ಉತ್ತರ ಕೊಡಲಾಗದ ‘ಅಂತೆ’ಯೇ ‘ಕಂತೆ’. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆಯಂತೂ ಕಣ್ಣಿನ ಸಾಕ್ಷ್ಯವನ್ನು ಕೂಡ ಪರೀಕ್ಷೆಗೆ ಒಡ್ಡುತ್ತದೆ.

ಅಚ್ಚಿನ ಕನ್ನಡದಲ್ಲಿ ಈ ಪ್ರತ್ಯಯದ ಸ್ಥಾನವನ್ನು ‘ಎನ್ನಲಾಗಿದೆ’, ‘ತಿಳಿದುಬಂದಿದೆ’, ‘ಹೇಳಲಾಗುತ್ತಿದೆ’ ಮುಂತಾದ ಕರ್ಮಣಿ ಪ್ರಯೋಗಗಳು ಆಕ್ರಮಿಸಿದವು. ಎದುರಿಗೆ ಕುಳಿತ ಕೇಳುಗ ‘ಯಾರು ಹೇಳಿದ್ದು?’ ಎಂದು ಕೇಳಬಲ್ಲ. ಕಥೆ ಹೇಳುವವಳು ‘ನಮ್ಮ ಅವ್ವ ಹೇಳತಿದ್ದಳು’ ಎಂದು ಉತ್ತರಿಸಬಲ್ಲಳು. ಅಚ್ಚಿನ ಸಾಲನ್ನು ಹಾಗೆ ಪ್ರಶ್ನಿಸುವ ಅವಕಾಶವಿಲ್ಲದಿರುವುದರಿಂದ ಅದರಲ್ಲಿ ಹೆಸರು ಇರುವುದು ಇನ್ನಷ್ಟು ಅಗತ್ಯ. ಕರ್ಮಣಿ ಪ್ರಯೋಗವಾದರೋ ಇದ್ದ ಹೆಸರನ್ನೂ ಅಳಿಸಿಹಾಕುತ್ತದೆ. ಹೀಗೆ ಶಿಷ್ಟವೆನಿಸಿದ ಪ್ರಯೋಗವು ಹಳ್ಳಿಯ ‘ಅಂತೆ’ಗಿಂತ ಕಡಿಮೆ ಹೊಣೆಗಾರಿಕೆಯುಳ್ಳದ್ದಾಗಿದೆ ಎಂಬುದು ವಿಪರ್ಯಾಸ. ಹಳ್ಳಿಯಿಂದ ಬಂದ ವಿದ್ಯಾರ್ಥಿಯು ತನ್ನ ಮನೆಮಾತು ಸುದ್ದಿಗೆ ತಕ್ಕುದಲ್ಲವೆಂದು ನಂಬಿ ಈ ನಿರಾಕಾರ ಭಾಷೆಯನ್ನು ಕಲಿತಾಗ, ಅವನು ಕಳೆದುಕೊಳ್ಳುವುದು ಉಪಭಾಷೆಯ ಸೊಗಸನ್ನು ಮಾತ್ರವಲ್ಲ. ಕಂಡದ್ದು ಕೇಳಿದ್ದರ ವಿವೇಕವನ್ನೂ ಕಳೆದುಕೊಳ್ಳುತ್ತಾನೆ.

ಮರುಸಂಧಾನದ ಪ್ರಯತ್ನಗಳು

ಬೇರ್ಪಟ್ಟ ಧಾರೆಗಳನ್ನು ಮತ್ತೆ ಕೂಡಿಸುವ ಪ್ರಯತ್ನಗಳು 1970ರ ದಶಕದಿಂದ ಕಾಣಿಸುತ್ತವೆ. ಮೈಸೂರಿನಲ್ಲಿ ದಲಿತ ವಿದ್ಯಾರ್ಥಿಗಳು ಮತ್ತು ಲೇಖಕರು ‘ಪಂಚಮ’ ಪತ್ರಿಕೆಯನ್ನು ನಡೆಸಿದರು. ತಮ್ಮ ಕೇರಿಯ ಮೇಲಾದ ದೌರ್ಜನ್ಯವನ್ನು ಇತರರು ಬರೆಯಲೆಂದು ಕಾಯದೆ ತಾವೇ ಬರೆಯಲು ಹೊರಟ ಈ ತಲೆಮಾರಿಗೆ ಪತ್ರಿಕೆಯೂ ಹೋರಾಟದ ಹಾಡೂ ಒಂದೇ ಕಲಿಕೆಯ ಎರಡು ಮುಖಗಳಾಗಿದ್ದವು. ಈ ಪೀಳಿಗೆಯ ಕವಿ ಸಿದ್ದಲಿಂಗಯ್ಯನವರು ಮುಂದೆ ಗ್ರಾಮದೇವತೆಗಳ ಕುರಿತು ಸಂಶೋಧನೆ ನಡೆಸಿದುದು ಆಕಸ್ಮಿಕವೆನಿಸದು.

1980ರಲ್ಲಿ ಪಿ. ಲಂಕೇಶರು ಅಧ್ಯಾಪಕ ವೃತ್ತಿಯನ್ನು ಬಿಟ್ಟು ‘ಲಂಕೇಶ್ ಪತ್ರಿಕೆ’ಯನ್ನು ಆರಂಭಿಸಿದಾಗ ಸುದ್ದಿಬರಹದ ಭಾಷೆಯಲ್ಲಿ ಬದಲಾವಣೆ ಉಂಟಾಯಿತು. ಸ್ವತಃ ಕಥೆಗಾರರಾಗಿದ್ದ ಅವರ ಪತ್ರಿಕೆಯಲ್ಲಿ ಜಿಲ್ಲೆಗಳ ವರದಿಗಳು ಆಯಾ ಊರಿನ ಮಾತಿನ ಲಯವನ್ನು ಹೊತ್ತು ಬಂದವು. ಅನೇಕ ತರುಣರಿಗೆ ಅದು ವಿಶ್ವವಿದ್ಯಾನಿಲಯದ ಹೊರಗಿನ ವಿದ್ಯಾಲಯವಾಯಿತು. ಕಥನದ ಬಿಸಿಯಲ್ಲಿ ನಿಖರತೆ ಕರಗದಂತೆ ನೋಡಿಕೊಳ್ಳುವ ಸವಾಲನ್ನೂ ಆ ಶೈಲಿ ಕಲಿಯುವವರ ಮುಂದೆ ಇರಿಸಿತು.

ಅದೇ 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದವು ಸ್ನಾತಕೋತ್ತರ ಅಧ್ಯಯನದ ವಿಷಯವಾಯಿತು. ಒಂದೇ ಮಾನಸಗಂಗೋತ್ರಿಯ ಆವರಣದಲ್ಲಿ ಜಾನಪದದ ವಿದ್ಯಾರ್ಥಿ ಧ್ವನಿಮುದ್ರಣ ಯಂತ್ರ ಹಿಡಿದು ಹಳ್ಳಿಗೆ ಹೋಗುವುದನ್ನೂ ಪತ್ರಿಕೋದ್ಯಮದ ವಿದ್ಯಾರ್ಥಿ ಟಿಪ್ಪಣಿ ಪುಸ್ತಕ ಹಿಡಿದು 
ಪೇಟೆಗೆ ಹೋಗುವುದನ್ನೂ ಕಲಿತರು. ಇಬ್ಬರ ಕೆಲಸದ ಮೊದಲರ್ಧ ಒಂದೇ ಆಗಿದ್ದರೂ, ಒಬ್ಬರಿಗೆ ಅದು ಕ್ಷೇತ್ರಕಾರ್ಯ, ಇನ್ನೊಬ್ಬರಿಗೆ ಸಂದರ್ಶನ. 2014ರಲ್ಲಿ ಪಿ. ಸಾಯಿನಾಥ್ ಅವರು ಆರಂಭಿಸಿದ ‘ಪೀಪಲ್ಸ್ ಆರ್ಕೈವ್ ಆಫ್ ರೂರಲ್ ಇಂಡಿಯಾ’ ಎಂಬ ಅಂತರಜಾಲ ಸಂಗ್ರಹವು ಗ್ರಾಮೀಣ ವರದಿಗಳನ್ನೂ ಮರಾಠಿ ಹೆಂಗಸರ ಬೀಸುಕಲ್ಲಿನ ಪದಗಳನ್ನೂ ಒಂದೇ ಆವರಣದಲ್ಲಿ ಇರಿಸಿದೆ. ವಿದ್ಯಾರ್ಥಿಗಳ ಬರಹಗಳಿಗೂ ಅಲ್ಲಿ ಎಡೆಯಿದೆ. ಅದರ ಬರಹಗಳು ಕನ್ನಡದಲ್ಲಿಯೂ ಪ್ರಕಟವಾಗುತ್ತಿವೆ. ಈ ಮಾದರಿಯು ಮೋಗ್ಲಿಂಗರ ಪತ್ರಿಕೆಯಲ್ಲಿ ಗಾದೆಯೂ ವರ್ತಮಾನವೂ ಒಟ್ಟಿಗೆ ಇದ್ದುದನ್ನು ನೆನಪಿಗೆ ತರುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಹೊರಡುವ ಅಂಶ ಸರಳವಾದುದು. ಮೌಖಿಕ ಪರಂಪರೆಯು ವಿದ್ಯಾರ್ಥಿಗೆ ಕೇಳುವುದನ್ನು ಮೊದಲು ಕಲಿಸಿತು. ಹೇಳುವ ಅಧಿಕಾರವನ್ನು ಅನಂತರ ಕೊಟ್ಟಿತು. ತರಗತಿಯು ಪರಿಶೀಲಿಸುವುದನ್ನು ಕಲಿಸಿತು. ಕಲಿಕೆಯ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಮೊದಲನೆಯದಕ್ಕೆ ಎರಡನೆಯದರ ಶಿಸ್ತು ಬೇಕು, ಎರಡನೆಯದಕ್ಕೆ ಮೊದಲನೆಯದರ ಕಿವಿ ಬೇಕು. ಒಂದು ವಾರದ ತರಬೇತಿಯ ಬಳಿಕ ವಿದ್ಯಾರ್ಥಿಯ ಕೈಗೆ ಧ್ವನಿವರ್ಧಕ ಕೊಡುವ ಅವಸರದ ಕಾಲದಲ್ಲಿ, ಹಿಮ್ಮೇಳದಲ್ಲಿ ವರ್ಷಗಟ್ಟಲೆ ಸೊಲ್ಲು ಕೊಟ್ಟ ಹುಡುಗನ ಕಲಿಕೆ ನಿಧಾನವೆನಿಸಬಹುದು. ಆದರೆ ಆ ನಿಧಾನದಲ್ಲಿ ಅವನು ಸಾವಿರಾರು ಮುಖಗಳನ್ನು ಓದಿರುತ್ತಾನೆ.

ಹಳೆಯ ಶಾಲೆಗಳು ತೆರವಾಗುತ್ತಿವೆ. ದಾನ ನೀಡುವ ಒಕ್ಕಲು ಕಡಿಮೆಯಾದಂತೆ ಹೆಳವರ ಮಕ್ಕಳು ಬೇರೆ ಜೀವನೋಪಾಯಗಳತ್ತ ಹೊರಳಿದ್ದಾರೆ. ಅವರು ಭಿಕ್ಷೆಯ ವೃತ್ತಿಯಿಂದ ಬಿಡುಗಡೆ ಬಯಸುವುದು ನ್ಯಾಯವೇ ಸರಿ. ವೃತ್ತಿ ಹೋದರೂ ವಿದ್ಯೆ ಹೋಗಬೇಕಾಗಿಲ್ಲ. ಪತ್ರಿಕೋದ್ಯಮದ ಪಠ್ಯದಲ್ಲಿ ಲಾವಣಿಯೊಂದನ್ನು ಸುದ್ದಿರಚನೆಯ ಮಾದರಿಯಾಗಿ ಇರಿಸುವುದು, ಕಲಿಯುವವರನ್ನು ಒಂದು ಋತುವಿನ ಕಾಲ ಒಬ್ಬ ಕಥನಕಾರರ ಬಳಿ ಕೇಳುಗರಾಗಿ ಕಳಿಸುವುದು, ‘ಎನ್ನಲಾಗಿದೆ’ ಎಂದು ಬರೆದ ಪ್ರತಿಯೊಂದು ಕಡೆಯೂ ‘ಯಾರು ಹೇಳಿದ್ದು?’ ಎಂದು ಅಂಚಿನಲ್ಲಿ ಗುರುತು ಹಾಕುವುದು ಇವು ಹೆಚ್ಚಿನ ವೆಚ್ಚವಿಲ್ಲದೆ ಆಗಬಹುದಾದ ಕೆಲಸಗಳು. ಹಾಗೆ ಮಾಡಿದಲ್ಲಿ ಮಲೆಯ ಹಟ್ಟಿಯಿಂದಲೋ ಬಯಲುಸೀಮೆಯ ಕೇರಿಯಿಂದಲೋ ಬರುವ ವಿದ್ಯಾರ್ಥಿಯು ತನ್ನ ಅವ್ವನ ಮಾತನ್ನು ಕಾಲೇಜಿನ ಬಾಗಿಲ ಹೊರಗೆ ಬಿಟ್ಟುಬರಬೇಕಾದ ಪ್ರಸಂಗ ಒದಗಲಾರದು.